ಬಸೂನಿಗೆ ಒಂದು ವಾಹ್

ಕೇಶ್ವಾಪುರ, ಹುಬ್ಬಳ್ಳಿ
ರವಿವಾರ, ಬೆಳಗಿನ ಚಹಾಕ್ಕೂ ಮೊದಲು

ನನ್ನ ಮೇಲೆ ಮುನಿದು ಉಣಕಲ್ಲಿನ ಗೆಳತಿಯ ಮನೆಯಲ್ಲಿ ಉಳಿದಿರುವ ಮುದ್ದು ಗಾರ್ಗಿಗೆ, ಅಜ್ಜಿಯ ಆಶೀರ್ವಾದ.

ಫೋನು ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಪತ್ರ. ನಿನ್ನ ಅಮ್ಮ ಸಂಪದಾ ಸ್ಕೂಟರ್ ಮೇಲೆ ತಂದು ಕೊಡುತ್ತಾಳೆ. ಸಂಜೆ ಮುಂಬಯಿ ರೈಲು ಹತ್ತುವ ಮೊದಲು ಓದು. ಓದಿಯೂ ಮನೆಗೆ ಬಾರದಿದ್ದರೆ ನಾನೇ ಸ್ಟೇಶನ್ನಿಗೆ ಬರುತ್ತೇನೆ, ಈಗಲೇ ಹೇಳಿಟ್ಟಿದ್ದೇನೆ!

ಹಾಡುವುದನ್ನು ಬಿಟ್ಟು ನೀನು ಬಸೂನ್ ಎಂಬ ಆ ವಿಲಾಯತಿ ಊದುವ ವಾದ್ಯ ಹಿಡಿದಾಗ, "ಆ ಕೊಳವಿ ತಗೊಂಡು ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ" ಎಂದಿದ್ದೆ. "ಅದನ್ನ ಬಿಟ್ಟು ನಾನೂ ಬರಂಗಿಲ್ಲ ಅಜ್ಜಿ" ಎಂದು ನೀನು ಮುಂಬಯಿಗೆ ಹೊರಟೇಹೋದೆ. ಅಜ್ಜಿಗೆ ತಕ್ಕ ಮೊಮ್ಮಗಳು.

ನಿನ್ನೆ ಧಾರವಾಡದ ನಿನ್ನ ಕಾರ್ಯಕ್ರಮಕ್ಕೆ ಬರುವುದೇ ಇಲ್ಲ ಎಂದು ಮನೆಯಲ್ಲೆಲ್ಲ ಸಾರಿದ್ದೆ. ಆಮೇಲೆ ಭಜನೆಯ ನೆಪ ಹೇಳಿ, ಒಳ್ಳೆಯ ಸೀರೆ ಉಟ್ಟು, ಪಕ್ಕದ ಮನೆಯ ರಾಜಶೇಖರ ಅವರ ಕಾರು ಹತ್ತಿದೆ. ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕಳ್ಳಿಯ ಹಾಗೆ ಕೂತಿದ್ದೆ.

ಅಷ್ಟು ಪಿಟೀಲುಗಳ ಮುಂದೆ ನೀನೊಬ್ಬಳೇ ನಿಂತೆ, ಹೆಚ್ಚುಕಡಿಮೆ ನಿನ್ನಷ್ಟೇ ಉದ್ದದ ಆ ಕಟ್ಟಿಗೆಯ ಕೊಳವೆ ಹಿಡಿದು. ಬಸೂನಿಗಾಗಿಯೇ ಬರೆದ ಕೃತಿ, ಮೂರು ಭಾಗ ಎಂದು ರಾಜಶೇಖರ ಹೇಳಿದರು. ಮೊದಲ ಭಾಗದಲ್ಲಿ ಅದು ಕುಣಿಯಿತು, ಗೊಣಗಿತು, ನನ್ನಂತೆಯೇ ಜಗಳಕ್ಕೂ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ. ಎರಡನೆಯ ಭಾಗ ನಿಧಾನದ್ದು. ತೀರ ಕೆಳಗಿನ ಸ್ವರದಿಂದ ಒಂದೇ ಉಸಿರಿನಲ್ಲಿ ಮೇಲೇರಿ ಅಲ್ಲೇ ನಿಂತೆಯಲ್ಲ, ಅದು ನಾನು ಕಲಿಸಿದ ಉಸಿರು ಗಾರ್ಗಿ! ಕಲಿಸಿದ್ದೆಲ್ಲ ನೀರುಪಾಲಾಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಏನೂ ಹೋಗಿರಲಿಲ್ಲ.

ಬಾಯಿಂದ ಹೊರಟೇಬಿಟ್ಟಿತು. ಇಡೀ ಸಭಾಂಗಣ ಪಿಟ್ಟೆನ್ನದೆ ಕೂತಿದ್ದಾಗ "ವಾಹ್!" ಎಂದು ಒದರಿದವಳು ನಾನೇ. ಎಲ್ಲರೂ ತಿರುಗಿ ನೋಡಿದರು. ಕೋಲು ಹಿಡಿದು ವಾದ್ಯಮೇಳ ನಡೆಸುತ್ತಿದ್ದ ನಿಮ್ಮ ಸಾಹೇಬರ ಹೆಗಲು ಬೆಚ್ಚಿತು. "ಅಂಬಾಬಾಯರ, ಇಲ್ಲೆ ನಡುವ ಹಂಗ ಅನಬಾರದಂತ್ರಿ" ಎಂದು ರಾಜಶೇಖರ ಪಿಸುಗುಟ್ಟಿದರು. "ಛಲೋ ಬಂದಾಗ ಅನಲಿಕ್ಕೆ ಯಾರ ಅಪ್ಪಣಿ ಬೇಕ್ರಿ?" ಎಂದೆ, ಅದೂ ಜೋರಾಗಿಯೇ. ನಮ್ಮ ಬೈಠಕ್ಕಿನಲ್ಲಿ ಸುಮ್ಮನೆ ಕೂತವರ ಮೇಲೆ ಹಾಡುವವರಿಗೆ ಸಿಟ್ಟು. ನಿಮ್ಮಲ್ಲಿ ಬಾಯಿ ತೆರೆದವರ ಮೇಲೆ. ನನಗೇನು ಗೊತ್ತು?

ಕೆಲಸ ಕೆಡಿಸಿದೆನೇನೋ ಎಂದು ಕಂಬದ ಮರೆಗೆ ಇನ್ನಷ್ಟು ಸರಿದೆ. ನೀನು ತಪ್ಪಲಿಲ್ಲ. ಕಂಬದ ಕಡೆ ನೋಡಿ, ಕಣ್ಣಲ್ಲೇ ನಕ್ಕು, ಹಾಗೇ ಮುಂದೆ ನುಡಿಸಿದೆ. ನಾನು ಅಲ್ಲೇ ಸೋತೆ. ಇಷ್ಟು ಖುಷಿಯಿಂದ ಯಾವತ್ತೂ ಸೋತಿರಲಿಲ್ಲ.

ಬಾ. ಅದನ್ನೂ ಕರೆದುಕೊಂಡೇ ಬಾ.

ನಿನ್ನ ಬಾಯಿಬಡಕಿ ಅಜ್ಜಿ,
ಅಂಬಾಬಾಯಿ

ತಾಜಾಕಲಂ: ನೀನು ಹೋದ ಮೇಲೂ ತಂಬೂರಿಯನ್ನು ದಿನಾ ನಿನ್ನ ಕಂಠದ ಶ್ರುತಿಗೇ ಕೂಡಿಸಿ ಇಡುತ್ತಿದ್ದೆ, ಯಾರಿಗೂ ಹೇಳಿಲ್ಲ. ಇವತ್ತು ತಂತಿ ಸಡಿಲಿಸಿ ಕೂತಿದ್ದೇನೆ. ನಿನ್ನ ಬಸೂನಿಗೆ ಯಾವ ಶ್ರುತಿ ಬೇಕು, ಬಂದು ಹೇಳು.