ತಂಗಿಯ ಮಗಳು ಅಪ್ಪಣೆ ಕೇಳಿದಳು

ನೂಕುಅಲೋಫಾ, ಟೋಂಗಾ
೧೨ ಮೇ ೧೯೯೮

ಮಗಳೇ ಮೆಲೆನೈತೆ,

ನಿನ್ನ ಸೋದರಮಾವ ಸೇಮಿಸಿಯ ಆಶೀರ್ವಾದಗಳು. ದೇವರ ದಯೆಯಿಂದ ಎಲ್ಲರೂ ಚೆನ್ನಾಗಿದ್ದೇವೆ, ಹಂದಿಗಳೂ ಸೇರಿ. ಉತ್ತರ ತಡವಾಯಿತು, ಬೈಯಬೇಡ. ನನ್ನ ಮಗಳು ಸಿಸಿಲಿಯಾಳ ಮದುವೆಯ ಗಡಿಬಿಡಿ. ನನ್ನನ್ನು ಕೇಳದೆ ಈ ಕೇರಿಯಲ್ಲಿ ಯಾರೂ ಒಲೆ ಹೊತ್ತಿಸುವುದಿಲ್ಲ. ನಿನ್ನ ಅತ್ತೆ ವೀಕಾ ಹೆಗಲ ಮೇಲಿಂದ ಇಣುಕಿ, "ಸುಳ್ಳು ಬರೀಬೇಡಿ. ಒಲೆ ಹೊತ್ಸೋಳು ನಾನು, ಮುಂದೆ ಕೂತು ತಿನ್ನೋರು ನೀವು" ಎನ್ನುತ್ತಿದ್ದಾಳೆ.

ನೀನು ಆಕ್ಲೆಂಡಿನಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಈ ರಾಜಧಾನಿಯ ಬಗ್ಗೆ ನನ್ನಷ್ಟು ತಿಳಿದವರು ಅರಮನೆಯಲ್ಲೂ ಇಲ್ಲ. ಭಾನುವಾರ ಬಂದಿಳಿದರೆ ಆದೀತೇ ಎಂದಿದ್ದೀ. ಭಾನುವಾರ ವಿಮಾನವೇ ಇಳಿಯುವುದಿಲ್ಲ ತಾಯಿ! ಅಂಗಡಿಯಿಲ್ಲ, ಬಸ್ಸಿಲ್ಲ, ಸಮುದ್ರದಲ್ಲಿ ಈಜುವ ಹಾಗೂ ಇಲ್ಲ. ಅವತ್ತು ದುಡಿಯುವುದು ಪಾದ್ರಿಯ ಬಾಯಿ, ನಮ್ಮ ಹೊಟ್ಟೆ, ಎರಡೇ. ಶನಿವಾರವೇ ಬಾ. ಟ್ಯಾಕ್ಸಿಯವನು ನಮ್ಮ ಪಾಂಗಾ ದುಡ್ಡು ಜಾಸ್ತಿ ಕೇಳಿದರೆ ಸೇಮಿಸಿಯ ತಂಗಿಯ ಮಗಳು ಅನ್ನು, ಬಾಡಿಗೆ ಇಳಿಸುತ್ತಾನೆ. ಇಳಿಸದಿದ್ದರೆ ಅವನು ಈ ಊರಿನವನಲ್ಲ. ತೋಳಿಲ್ಲದ ಅಂಗಿ ಅಲ್ಲೇ ಇರಲಿ. ಮದುವೆಗೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತುವ ಚಾಪೆ ಎಲ್ಲಿ ಕೊಳ್ಳಲಿ ಎಂದು ಕೇಳಿದ್ದೀ. ಕೊಳ್ಳುವುದೇನು, ನಿನ್ನ ಅಜ್ಜಿಯದು ಇಲ್ಲಿದೆ. ತೆಂಗಿನಹಾಲಲ್ಲಿ ನೆನೆಸಿದ ಹಸಿಮೀನನ್ನು ಮಾರುಕಟ್ಟೆಯಲ್ಲಿ ತಿನ್ನಬೇಡ. ತಿಂದೆಯೆಂದು ಅತ್ತೆಗೆ ಗೊತ್ತಾದರೆ ನನಗೆ ಉಪವಾಸ.

ಕಡಲ ದಂಡೆಯ ಹೋಟೆಲಿನಲ್ಲಿ ಕೋಣೆ ಹಿಡಿದಿದ್ದೀಯಂತೆ. ಅಲ್ಲಿಂದ ಸಮುದ್ರ ಕಾಣುತ್ತದೆ, ನಿಜ. ನಮ್ಮ ಮನೆಯಿಂದಲೂ ಕಾಣುತ್ತದೆ, ಹಂದಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು, ಅಷ್ಟೆ. ಮದುವೆಯಲ್ಲಿ ಹಿಂದೆಲ್ಲಾದರೂ ಕೂರುತ್ತೇನೆ, ತೊಂದರೆ ಕೊಡುವುದಿಲ್ಲ ಎಂದೂ ಬರೆದಿದ್ದೀ. ಮದುಮಗಳು ಸಿಸಿಲಿಯಾ ಅದನ್ನು ಓದಿ ನಕ್ಕಿದ್ದೇ ನಕ್ಕಿದ್ದು: "ಅಪ್ಪಾ, ಅವ್ಳು ಹಿಂದೆ ಕೂತ್ರೆ ನನ್ನ ಮದುವೆ ಆದಂಗೇ!" ನನಗೆ ನಗು ಬರಲಿಲ್ಲ.

ದೇವರು ನಿನ್ನನ್ನು ಕಾಯಲಿ, ನೀರ ಮೇಲಿನ ನಿನ್ನ ದಾರಿ ಸುಗಮವಾಗಲಿ.

ನಿನ್ನ ಸೋದರಮಾವ,
ಸೇಮಿಸಿ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಮ್ಮಲ್ಲಿ ಮರ್ಯಾದೆಯಲ್ಲಿ ಅಣ್ಣನಿಗಿಂತ ತಂಗಿ ದೊಡ್ಡವಳು, ಅವಳ ಮಕ್ಕಳು ಇನ್ನೂ ದೊಡ್ಡವರು. ಸಿಸಿಲಿಯಾಳ ಮದುವೆಯಲ್ಲಿ ಎಲ್ಲರಿಗಿಂತ ಮೇಲಿನ ಜಾಗ ನಿನ್ನಮ್ಮ ಲೋಸೆಲಿಯದು. ಅವಳು ತೀರಿಹೋದಳು, ಈಗ ಅದು ನಿನ್ನದು. ನನ್ನ ಮನೆಯಲ್ಲಿ ಬೇಕಾದ್ದನ್ನು ನೀನು ಕೇಳದೆ ಎತ್ತಿಕೊಂಡು ಹೋಗಬಹುದು. ನಾನು ತಡೆದರೆ ಊರೇ ನನಗೆ ಉಗಿಯುತ್ತದೆ. ಅಂಥ ನೀನು "ಮದುವೆಗೆ ಬರಬಹುದೇ" ಎಂದು ನನ್ನ ಅಪ್ಪಣೆ ಕೇಳಿದೆ! ಲೋಸೆಲಿ ನಿನಗೆ ಇದನ್ನೆಲ್ಲ ಹೇಳಲೇ ಇಲ್ಲವೇ ಮಗಳೇ? ಆಕ್ಲೆಂಡಿನ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅಣ್ಣನ ಹೆಸರು ಅವಳ ಬಾಯಿಗೆ ಬರಲಿಲ್ಲವೇ? ಅಥವಾ ಅವಳು ಹೇಳಿಯೂ ನೀನೇ ಸಂಕೋಚಪಟ್ಟೆಯೋ? ಈಗ ನಾನೇ ಬಾಯಿಬಿಟ್ಟೆ, ಅವಳು ಹೇಳಿದ್ದಳೋ ಇಲ್ಲವೋ ತಿಳಿಯುವ ದಾರಿ ಮುಚ್ಚಿಹೋಯಿತು. ಇರಲಿ. ನೀನು ಹೊಸಿಲು ದಾಟಿದವಳೇ ಏನನ್ನಾದರೂ ಎತ್ತಿಕೋ. ಅವಳು ಹೇಳಿದ್ದಳು ಎಂದೇ ತಿಳಿದುಕೊಳ್ಳುತ್ತೇನೆ.