ಸೀಟಿನೊಳಗೆ ಸಿಕ್ಕಿದ್ದು

ಕುಶನ್ ಅಂಗಡಿ
ಸೋಮವಾರ

ಪ್ರೀತಿಯ ಅಕ್ಕನಿಗೆ,

ಹೌದು, ನಾನೇ. ನೀವು ಮೆಣಸಿನಕಾಯಿ ಎಂದು ಕರೆಯುತ್ತಿದ್ದವಳು. ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಚೆನ್ನಾಗಿಲ್ಲ ಎಂದು ಗೊತ್ತು. ನಿಮ್ಮ ಮಗಳು ದಿನಾ ಸಂಜೆ ನನ್ನ ಅಂಗಡಿಯಲ್ಲೇ ಇರುತ್ತಾಳಲ್ಲ.

ಅವಳನ್ನು ಸಮಿತಿಯವರು ತಾವಾಗಿ ನನಗೆ ಒಪ್ಪಿಸಿದರು ಎಂದುಕೊಂಡಿದ್ದರೆ ತಪ್ಪು. ನಾನೇ ಕೇಳಿ ತೆಗೆದುಕೊಂಡೆ. ಬೈಕ್ ಕದಿಯುವ ಹುಡುಗರ ಜೊತೆ ಸಿಕ್ಕಿಬಿದ್ದ ಹುಡುಗಿ, ವಯಸ್ಸು ಹದಿನಾರು, ತಾಯಿ ಸ್ಕೂಲ್ ಟೀಚರ್ ಎಂದು ಕಾರ್ಯದರ್ಶಿ ಹೇಳುತ್ತಿದ್ದಾಗ ನನಗೆ ಮೈಯೆಲ್ಲ ಕಿವಿಯಾಯಿತು. ದಾರಿ ತಪ್ಪುವ ಹಾಗಿರುವ ಒಂದೊಂದು ಮಗುವಿನ ಜೊತೆ ಬಡಾವಣೆಯ ಒಬ್ಬೊಬ್ಬರು ನಿಲ್ಲಬೇಕು ಎಂದು ಆ ಸಮಿತಿ ಕಟ್ಟಿದವರೇ ನೀವು. ಅದರ ಬಾಗಿಲಿಗೆ ನಿಮ್ಮ ಮಗಳೇ ಬಂದು ನಿಂತಾಗ, ಇವಳ ಕೈಗೆ ಮಾತ್ರ ಕೊಡಬೇಡಿ ಎನ್ನಲು ನಿಮಗೆ ಬಾಯಿ ಬರಲಿಲ್ಲವಂತೆ. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು.

ಕೆಲಸಕ್ಕೇನೂ ಮೋಸವಿಲ್ಲ ಬಿಡಿ. ಹಳೇ ಸೋಫಾ, ಕಾರಿನ ಸೀಟು, ಎಲ್ಲದರ ರೆಕ್ಸಿನ್ ಸುಲಿಯುತ್ತಾಳೆ, ಮೊಳೆ ಕೀಳುತ್ತಾಳೆ, ಫೋಮ್ ಕತ್ತರಿಸುತ್ತಾಳೆ. ನನ್ನ ಅಂಗಡಿಯಲ್ಲಿ ಒಂದೇ ಕಟ್ಟುನಿಟ್ಟು: ಸೀಟಿನೊಳಗೆ ಸಿಕ್ಕಿದ್ದು, ಅದು ಬಾಚಣಿಗೆಯಾಗಲಿ ಬಂಗಾರವಾಗಲಿ, ಅದರ ಒಡೆಯರಿಗೇ ಹೋಗಬೇಕು. ಮೊದಲ ವಾರವೇ ಯಾರದೋ ಕಿವಿಯೋಲೆ ತಂದು ಮೇಜಿನ ಮೇಲೆ ಕುಕ್ಕಿ, ಪರೀಕ್ಷೆ ಮಾಡೋಕೆ ನೀವೇ ಹಾಕಿದ್ರಾ ಎಂದು ನನ್ನನ್ನೇ ದಬಾಯಿಸಿದಳು. ಗಟ್ಟಿ ಹುಡುಗಿ. ನಿಮ್ಮ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ!

ನಾನು ಅವಳ ವಯಸ್ಸಿನಲ್ಲಿದ್ದಾಗ ನನ್ನ ಜೊತೆ ನಿಂತವರು ನೀವು. ಅದನ್ನು ಇಲ್ಲ ಎನ್ನುವುದಿಲ್ಲ. ಬಸ್ಸಿನ ನೂಕುನುಗ್ಗಲಲ್ಲಿ ಹೆಂಗಸರ ಬ್ಯಾಗಿನಿಂದ ಫೋನ್ ಎಗರಿಸುತ್ತಿದ್ದವಳನ್ನು ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಲೆಕ್ಕ ಕಲಿಸಿದಿರಿ, ಹೇನು ತೆಗೆದು ತಲೆಗೆ ಎಣ್ಣೆ ಹಚ್ಚಿದಿರಿ. ಆ ಕಟ್ಟೆಯ ಮೇಲೆ ಕೂತೇ ಒಂದು ದಿನ, ಯಾರಿಗೂ ಹೇಳದ್ದನ್ನು ನಿಮಗೆ ಹೇಳಿದೆ. ಮೊದಲ ಸಲ ಕದ್ದ ಫೋನನ್ನು ಅಮ್ಮನ ಕೈಗೆ ಕೊಟ್ಟಾಗ ಅಮ್ಮ ಒಂದು ಮಾತೂ ಕೇಳದೆ ಅದನ್ನು ಅಕ್ಕಿ ಡಬ್ಬದೊಳಗೆ ಹುಗಿದಿದ್ದಳು. ಯಾರಿಗೂ ಹೇಳಬೇಡಿ ಎಂದು ನಿಮ್ಮ ಕೈ ಹಿಡಿದುಕೊಂಡೆ. 'ನನ್ನ ಹೊಟ್ಟೇಲೇ ಇಟ್ಕೋತೀನಿ ಕಣೇ' ಎಂದಿರಿ.

ಅಬ್ಬಾ, ಎಂಥಾ ಹೊಟ್ಟೆಯೋ! ಎರಡು ತಿಂಗಳೂ ತಡೆಯಲಿಲ್ಲ. ಸಮಿತಿಯ ವಾರ್ಷಿಕ ಸಮಾರಂಭದ ದಿನ ನನ್ನನ್ನು ವೇದಿಕೆ ಹತ್ತಿಸಿ, ಹೆಗಲ ಮೇಲೆ ಕೈ ಹಾಕಿ, ಅದನ್ನೇ ಉಪ್ಪುಖಾರ ಹಚ್ಚಿ ಮೈಕಿನಲ್ಲಿ ಹೇಳಿದಿರಿ. ಹೆತ್ತ ತಾಯಿಯೇ ಕಳ್ಳಮಾಲು ಬಚ್ಚಿಟ್ಟಳು, ಅಂಥಾ ಮನೆಯಿಂದ ಬಂದ ಮಗು ಇದು ಎಂದಿರಿ. ಸಭೆಗೆ ಸಭೆಯೇ ಅಯ್ಯೋ ಎಂದಿತು. ದಾನಿಗಳ ಸಾಲಿನಲ್ಲಿ ಡಾಕ್ಟರಮ್ಮ ಕೂತಿದ್ದರು. ನಮ್ಮಮ್ಮ ಅಡುಗೆ ಮಾಡುತ್ತಿದ್ದದ್ದು ಅವರ ಮನೆಯಲ್ಲಿ.

ಮಾರನೆಯ ದಿನ ಅಮ್ಮನನ್ನು ಕೆಲಸದಿಂದ ಬಿಡಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಡಾಕ್ಟರಮ್ಮ ದೊಡ್ಡ ಮನಸ್ಸಿನವರು, ಬಿಡಿಸಲಿಲ್ಲ. ದಿನಾ ಹೊರಡುವಾಗ ಬಾಗಿಲಲ್ಲಿ ಬ್ಯಾಗ್ ತೆರೆದು ತೋರಿಸಿ ಹೋಗಬೇಕು ಎಂದರು, ಅಷ್ಟೇ. ಊಟದ ಡಬ್ಬಿ, ಒಂದು ಟವೆಲ್, ಕನ್ನಡಕ. ಆ ಮನೆಯಲ್ಲಿ ಒಂದು ಚಮಚವನ್ನೂ ಮುಟ್ಟದ ಅಮ್ಮ, ಮೊಣಕಾಲು ಸೋತು ಕೆಲಸ ಬಿಡುವವರೆಗೆ ವರ್ಷಗಟ್ಟಲೆ ಆ ಬ್ಯಾಗ್ ತೆರೆದು ತೋರಿಸಿದಳು. ಅಷ್ಟೂ ವರ್ಷ ನನ್ನ ಮುಖ ನೋಡಿ ಮಾತಾಡಲಿಲ್ಲ. ನನಗೆ ಊಟ ಬಡಿಸಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ನೀವು ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಹೋಗಿದ್ದಿರಿ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ಅದೇ ಹಾಲ್, ಅದೇ ಸಮಾರಂಭ. ಈ ವರ್ಷ ಕಥೆ ಹೇಳುವ ಸರದಿ ನನ್ನದು. ನಿಮ್ಮ ಮಗಳ ಹೆಗಲ ಮೇಲೆ ಕೈ ಹಾಕಿ ನಿಲ್ಲುತ್ತೇನೆ. ಅವಳು ನನಗೆ ಎಲ್ಲವನ್ನೂ ಹೇಳಿದ್ದಾಳೆ ಅಕ್ಕಾ, ನಿಮ್ಮ ಮನೆಯೊಳಗಿನದನ್ನೂ. ಮುಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಹಾಕಿಸಿದ್ದೇನೆ, ಪಕ್ಕದಲ್ಲೇ ನಮ್ಮಮ್ಮನಿಗೆ. ತಪ್ಪಿಸಿಕೊಳ್ಳಬೇಡಿ. ನೀವು ಬರದಿದ್ದರೂ ಮೈಕ್ ಇದ್ದೇ ಇರುತ್ತದೆ.

ನೀವೇ ತಿದ್ದಿ ಬೆಳೆಸಿದ
ಮೆಣಸಿನಕಾಯಿ

ತಾ.ಕ.: ಒಳ್ಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಫೋಟೋ ತೆಗೆಯುತ್ತಾರೆ.

ಬುಧವಾರ

ಮಗೂ,

ನಿನ್ನ ಕಾಗದ ಓದಿದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಏನು ಬರೆಯುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ, ಮಕ್ಕಳು ನಕ್ಕರು. ಅವತ್ತು ನಾನು ಮಾತಾಡಿದ್ದು ನಿನಗೆ ಒಳ್ಳೆಯದಾಗಲಿ ಎಂದೇ. ಆ ಮಾತು ಕೇಳಿ ಕರಗಿದವರೇ ಅಲ್ಲವೇ ನಿನಗೆ ಮೊದಲ ಹೊಲಿಗೆ ಯಂತ್ರ ಕೊಡಿಸಿದ್ದು? ಅದನ್ನೂ ಸ್ವಲ್ಪ ನೆನೆಸಿಕೋ. ಸರಿ, ವಾದ ಬೇಡ. ನಿನ್ನ ಅಮ್ಮನ ಬ್ಯಾಗಿನ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನನ್ನ ಬಗ್ಗೆ ಏನು ಬೇಕಾದರೂ ಹೇಳು. ನನ್ನ ಮಗಳನ್ನು ಬಿಟ್ಟುಬಿಡು. ಬೈಕ್ ಕದ್ದ ಆ ಇಬ್ಬರು ಹುಡುಗರ ಹೆಸರನ್ನು ಪೊಲೀಸರಿಗೆ ಕೊಟ್ಟವಳು ಅವಳೇ ಎಂಬುದನ್ನಂತೂ ಹೇಳಬೇಡ, ನಿನ್ನ ದಮ್ಮಯ್ಯ. ಅವಳು ಒಪ್ಪಿರಲಿಲ್ಲ. ನಾನೇ ಬಲವಂತ ಮಾಡಿ ಹೇಳಿಸಿದೆ. ಹೇಳಿದರೆ ನಿನ್ನನ್ನು ಬಿಡುತ್ತಾರೆ, ನಾನು ಸತ್ತರೂ ಇದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಅವಳಿಗೆ ಆಣೆ ಮಾಡಿದ್ದೆ. ಆ ಹುಡುಗರ ಅಣ್ಣಂದಿರು ಸಭೆಗೆ ಬರುತ್ತಾರೆ. ಬಾಯಿಬಿಟ್ಟವರು ಯಾರು ಎಂದು ಇವತ್ತಿಗೂ ಹುಡುಕುತ್ತಿದ್ದಾರೆ. ತಿಳಿದರೆ ಅವಳನ್ನು ಬೀದಿಯಲ್ಲಿ ನೆಟ್ಟಗೆ ನಡೆಯಲು ಬಿಡುವುದಿಲ್ಲ.

ನನ್ನೊಡನೆ ಮಾತೇ ಬಿಟ್ಟವಳು ನಿನ್ನ ಹತ್ತಿರ ಇದನ್ನೂ ಹೇಳಿಕೊಂಡಳಲ್ಲ. ಹೊಟ್ಟೆಕಿಚ್ಚಾಗುತ್ತದೆ, ಸಮಾಧಾನವೂ ಆಗುತ್ತದೆ. ಭಾನುವಾರ ಬರುತ್ತೇನೆ. ಕಾಲು ಹಿಡಿ ಎಂದರೆ ಅದನ್ನೂ ಮಾಡುತ್ತೇನೆ.

ನಿನ್ನ
ಅಕ್ಕ

ತಾ.ಕ.: ಓದಿದ ಕೂಡಲೇ ಇದನ್ನು ಹರಿದುಹಾಕು.

ಕುಶನ್ ಅಂಗಡಿ
ಸಮಾರಂಭದ ಮಾರನೆಯ ದಿನ

ಅಕ್ಕಾ,

ನೀವು ಬೆವರು ಒರೆಸಿಕೊಂಡದ್ದು ವೇದಿಕೆಯಿಂದ ಚೆನ್ನಾಗಿ ಕಾಣಿಸುತ್ತಿತ್ತು. ನಾನು ಮೈಕ್ ಸರಿಮಾಡಿಕೊಳ್ಳುತ್ತಾ ಬೇಕೆಂದೇ ತಡಮಾಡಿದೆ. ಎಷ್ಟು ವರ್ಷದಿಂದ ಕಾದಿದ್ದೆ, ಅಷ್ಟಾದರೂ ಸುಖಪಡಬೇಡವೇ! ಆಮೇಲೆ ಹೇಳಿದ್ದನ್ನು ನೀವೇ ಕೇಳಿದಿರಿ. ಈ ಹುಡುಗಿಗೆ ಸೋಫಾ ಬಿಚ್ಚೋಕೆ ಬರುತ್ತೆ, ಹೊಲಿಯೋಕೆ ಇನ್ನೂ ಬರಲ್ಲ, ಹಳೇ ಸೋಫಾ ಇದ್ದವರು ಧೈರ್ಯ ಮಾಡಿ ಕಳಿಸಿ ಎಂದೆ. ಜನ ನಕ್ಕರು, ಆ ಅಣ್ಣಂದಿರೂ ನಕ್ಕರು, ನಾವಿಬ್ಬರೂ ಇಳಿದೆವು. ನೀವು ನಗಲಿಲ್ಲ.

ಈಗ ನಿಜ ಕೇಳಿ. ನಿಮ್ಮ ಮಗಳು ನನಗೆ ಏನನ್ನೂ ಹೇಳಿರಲಿಲ್ಲ. ಇಷ್ಟು ತಿಂಗಳಲ್ಲಿ ಅವಳು ತನ್ನ ಬಗ್ಗೆ ಹೇಳಿದ್ದೆಂದರೆ ಫೋಮಿನ ಪುಡಿಗೆ ಸೀನು ಬರುತ್ತದೆ ಎಂಬುದೊಂದೇ. ನಿಮ್ಮನ್ನು ಒಂದು ವಾರ ಹುರಿದು ತೆಗೆಯಬೇಕೆಂದು ಸುಳ್ಳು ಬರೆದೆ. ಒಂದು ಬೆದರಿಕೆಗೆ ನೀವೇ ಎಲ್ಲವನ್ನೂ ತಂದು ಸುರಿದಿರಿ, ಅದೂ ಯಾರ ಮುಂದೆ, ನಿಮ್ಮ ಮೇಲೆ ಹಲ್ಲು ಮಸೆಯುತ್ತಿರುವ ನನ್ನ ಮುಂದೆ! ಅವತ್ತು ನನ್ನ ಗುಟ್ಟು, ಇವತ್ತು ಹೆತ್ತ ಮಗಳ ಗುಟ್ಟು. ನಿಮ್ಮ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ಅಕ್ಕಾ, ಅದು ನಿಮ್ಮ ಜಾಯಮಾನ.

ಸಭೆ ಮುಗಿದು ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಕಾವಲುಗಾರನಿಗೆ ಅಮ್ಮ ಬ್ಯಾಗ್ ತೆರೆದು ತೋರಿಸಿದಳು. ಅವನೇನೂ ಕೇಳಿರಲಿಲ್ಲ. ಯಾವ ಬಾಗಿಲು ದಾಟುವಾಗಲೂ ಅವಳು ಹಾಗೆಯೇ, ಕೈ ತಾನಾಗಿ ಜಿಪ್ಪಿಗೆ ಹೋಗುತ್ತದೆ. ನೀವು ಅವಳ ಹಿಂದೆಯೇ ಇದ್ದಿರಿ. ಅದನ್ನು ನೀವು ಕಣ್ಣಾರೆ ನೋಡಬೇಕೆಂದೇ ಪಕ್ಕದ ಕುರ್ಚಿ ಹಾಕಿಸಿದ್ದು.

ನಿಮ್ಮ ಕಾಗದವನ್ನು ನಾನು ಹರಿದಿಲ್ಲ. ನಿಮಗೆ ವಾಪಸ್ ಕಳಿಸುವುದೂ ಇಲ್ಲ. ಸಿಕ್ಕಿದ್ದು ಒಡೆಯರಿಗೇ ಹೋಗಬೇಕು ಎಂಬ ನಮ್ಮ ಅಂಗಡಿಯ ಕಟ್ಟುನಿಟ್ಟು ಬರೆದಿದ್ದೆನಲ್ಲ. ಆ ಕಾಗದದಲ್ಲಿ ಇರುವುದು ನಿಮ್ಮದಲ್ಲ, ಅವಳದು. ಯಾವತ್ತು ಕೊಡುತ್ತೇನೆ ಎಂದು ಹೇಳುವುದಿಲ್ಲ. ಅದಕ್ಕೆ ಮೊದಲು ನೀವೇ ಅವಳೆದುರು ಕೂತು, ಅವಳ ಗುಟ್ಟನ್ನು ನನಗೆ ಹೇಳಿಬಿಟ್ಟದ್ದನ್ನು ಒಪ್ಪಿಕೊಂಡರೆ ಅದು ಬೇರೆ ಮಾತು. ಅಲ್ಲಿಯವರೆಗೆ, ಅವಳು ದಿನಾ ಸಂಜೆ ನನ್ನ ಅಂಗಡಿಯಿಂದ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಅವಳ ಬ್ಯಾಗನ್ನೇ ನೋಡುತ್ತಿರಿ.

ಇಂತಿ,
ಅಕ್ಕಿ ಡಬ್ಬದವಳ ಮಗಳು

ತಾ.ಕ.: ವೇದಿಕೆ ಹತ್ತುವ ಮೊದಲು ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. 'ಅಕ್ಕಾ, ನನ್ ಬಗ್ಗೆ ನಿಮ್ಗೆ ಏನಾದ್ರೂ ಗೊತ್ತಾ?' ಎಂದು ಕೇಳಿದಳು. ನಿಮ್ಮ ಕಾಗದ ನನ್ನ ಜೇಬಿನಲ್ಲೇ ಇತ್ತು. ನೀನು ಬಾಯೇ ಬಿಡಲ್ಲ, ನಂಗೇನೇ ಗೊತ್ತಿರುತ್ತೆ ಎಂದೆ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. 'ಒಂದಿನ ಹೇಳ್ತೀನಿ, ನಿಮ್ಗೊಬ್ರಿಗೇ' ಎಂದಳು. ಅವಳು ಹೇಳುವ ದಿನ ನಾನು ಮೊದಲ ಸಲ ಕೇಳುವವಳ ಹಾಗೆ ಕೂತು ಕೇಳಬೇಕು.