ಚಹಾಪುಡಿ ಡಬ್ಬಿಯ ಎತ್ತರ

ನಮ್ಮ ಮನೆ, ಅಡುಗೆಮನೆಯ ಮೇಜು
ಶನಿವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮಣಿಕಟ್ಟಿನ ಊತ ಇಳಿಯಿತೆ? ಬೆರಳು ಮಡಿಸಿದರೆ ತುದಿ ಅಂಗೈಗೆ ತಾಕುತ್ತದೆಯೋ, ನಡುವೆ ಇನ್ನೂ ಸಂದಿ ಉಳಿದಿದೆಯೋ? ಉಳಿದಿದ್ದರೆ ಎಷ್ಟು ಎಂದು ನಿನ್ನ ತಂಗಿಯಿಂದ ಸ್ಕೇಲಿನಲ್ಲಿ ಅಳೆಸಿ ಬರೆಸು. "ಸ್ವಲ್ಪ" ಎಂದು ಬರೆಸಬೇಡ, ಸ್ವಲ್ಪ ಎನ್ನುವುದು ಯಾವ ಅಳತೆಯೂ ಅಲ್ಲ. ಸೊಂಟದ ನೋವು ಹೇಗಿದೆ? ನಿದ್ದೆ ಬರುತ್ತಿದೆಯೆ? ನನ್ನ ಗೊರಕೆ ಇಲ್ಲದೆ ಚೆನ್ನಾಗಿಯೇ ಬರುತ್ತಿರಬೇಕು. ನಾನು ಆರೋಗ್ಯವಾಗಿದ್ದೇನೆ, ಮೊಣಕಾಲು ಎರಡನ್ನು ಬಿಟ್ಟು. ಮಗಳು ದಿನಕ್ಕೆರಡು ಸಲ ಬಂದು ನಾನು ಇನ್ನೂ ಇದ್ದೇನೆಂದು ಖಾತ್ರಿ ಮಾಡಿಕೊಂಡು ಹೋಗುತ್ತಾಳೆ. ಫೋನ್ ಮಾಡೋಣವೆಂದರೆ "ಭಾವಾ, ನೀವು ಫೋನಲ್ಲಿ ಕಿರುಚೋದು ಬೀದಿ ಕೊನೇವರೆಗೂ ಕೇಳುತ್ತೆ, ಅಕ್ಕನಿಗೆ ಕಾಗದ ಬರೀರಿ" ಎಂದು ನಿನ್ನ ತಂಗಿಯ ಕಟ್ಟಪ್ಪಣೆಯಾಗಿದೆ. ಹಾಗಾಗಿ ಈ ಕಾಗದ. ಮೇಜಿನ ತುಂಬ ಡಬ್ಬಿಗಳು ಕೂತಿವೆ, ಏಕೆಂದು ಮುಂದೆ ಹೇಳುತ್ತೇನೆ. ಅವುಗಳ ನಡುವೆ ಮೊಣಕೈಯಿಡಲು ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ.

ಹೋದ ವಾರದ ನಿನ್ನ ಕಾಗದ ಬಂತು. ಅಕ್ಷರ ತಂಗಿಯದು, ಮಾತು ನಿನ್ನದೇ ಎಂದು ನಂಬಿದ್ದೇನೆ. "ಆ ಅಡುಗೆಮನೆ ನೆನೆಸಿಕೊಂಡ್ರೇ ಕಾಲು ನಡುಗುತ್ತೆ, ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತೀನಿ" ಎಂದು ಬರೆಸಿದ್ದೀಯೆ. ಅದರ ಕೆಳಗೆ ನಿನ್ನ ತಂಗಿ ತನ್ನದೂ ಒಂದು ಸಾಲು ಸೇರಿಸಿದ್ದಾಳೆ: ಅಕ್ಕ ಇಲ್ಲೇ ಉಳಿದುಬಿಟ್ಟರೂ ನಮಗೇನೂ ಭಾರವಿಲ್ಲವಂತೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು, ಕೈಗೆ ಸಿಕ್ಕ ರೋಗಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಾಳೆಯೆ? "ಉಳಿದುಬಿಟ್ಟರೂ" ಎಂಬ ಮಾತನ್ನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಮೂಳೆ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ? ಮೊದಲು ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಮನೆ ನೋಡಬೇಕು, ಅವರು ಸರಿ ಎಂದರೆ ಮಾತ್ರ ನೀನು ಮನೆಗೆ ಬರಬಹುದು. ಅದಕ್ಕೊಂದು ಫಾರಂ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕದಲ್ಲೇ ಕೂತು ಅದನ್ನು ತುಂಬಿದೆ. "ಬೀಳಲು ಕಾರಣ" ಎಂಬ ಕಾಲಮ್ಮಿನಲ್ಲಿ "ರೋಗಿಯ ಅಜಾಗರೂಕತೆ, ಸ್ಟೂಲ್ ಹತ್ತಿದ್ದು" ಎಂದು ದುಂಡಗೆ ಬರೆದು ನಿನಗೇ ಓದಿ ಹೇಳಿದೆ. ನೀನು ಗೋಡೆಯ ಕಡೆ ತಿರುಗಿದೆ. ಮಾತ್ರೆಯ ಮಂಪರು ಎಂದುಕೊಂಡೆ.

ಈ ಆಕ್ಯುಪೇಷನಲ್ ಥೆರಪಿಸ್ಟ್ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮಗಳು ಕೂರಿಸಿಕೊಂಡು ತಿಳಿಸಿದಳು: "ವ್ಯಾಯಾಮ ಮಾಡಿಸೋರು ಬೇರೆ, ಅಪ್ಪಾ. ಇವರು ಅಮ್ಮ ತನ್ನ ಕೆಲಸ ತಾನೇ ಮಾಡ್ಕೊಳ್ಳೋ ಹಾಗೆ ಮಾಡೋರು. ಗುಂಡಿ ಹಾಕ್ಕೊಳ್ಳೋದು, ತಲೆ ಬಾಚ್ಕೊಳ್ಳೋದು, ಕಪ್ ಹಿಡ್ಕೊಳ್ಳೋದು." ಸರಿ, ಆರಿಸುವ ಜವಾಬ್ದಾರಿ ನನ್ನದು ಎಂದೆ. ಮೂವತ್ತೈದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನಿಗೆ ಒಬ್ಬ ಥೆರಪಿಸ್ಟನ್ನು ತೂಗಿ ನೋಡುವುದು ಯಾವ ಮಹಾ ಕೆಲಸ? ಒಂದು ಪ್ರಶ್ನೆಪತ್ರಿಕೆ ಮಾಡಿದೆ. ನೋಂದಣಿಗೆ ಹತ್ತು ಅಂಕ, ವಯಸ್ಸಾದವರ ಜೊತೆ ಕೆಲಸ ಮಾಡಿದ ಅನುಭವಕ್ಕೆ ಹತ್ತು, ಸಮಯಪಾಲನೆಗೆ ಹತ್ತು, ಉತ್ತರದ ಸ್ಪಷ್ಟತೆಗೆ ಹತ್ತು. ಮೂವತ್ತೈದು ಬಂದರೆ ಪಾಸು. ಮಗಳು ಹಣೆ ಹಣೆ ಚಚ್ಚಿಕೊಂಡಳು. ಅವಳ ಆ ಅಭ್ಯಾಸ ನಿನ್ನಿಂದಲೇ ಬಂದದ್ದು.

ಸೋಮವಾರ ಮೊದಲನೆಯವರು ಬಂದರು. ಒಂಬತ್ತು ಎಂದರೆ ಒಂಬತ್ತಕ್ಕೆ ಬಾಗಿಲು ಬಡಿದರು, ನನಗೆ ಖುಷಿಯಾಯಿತು. ತೋಳು ನನ್ನ ತೊಡೆಯಷ್ಟು ದಪ್ಪ, ಕೊರಳಲ್ಲಿ ಒಂದು ಶಿಳ್ಳೆ. ಶಿಳ್ಳೆ ಯಾತಕ್ಕೆ ಎಂದು ಕೇಳಿದ್ದೇ ತಪ್ಪಾಯಿತು. "ಅಮ್ಮನಿಗೆ ಹೇಗೆ ಮಾಡಿಸ್ತೀನಿ ಅಂತ ನಿಮ್ಮಲ್ಲೇ ತೋರಿಸ್ತೀನಿ ಬನ್ನಿ ಸಾರ್" ಎಂದು ನನ್ನನ್ನು ಕುರ್ಚಿಯ ಮುಂದೆ ನಿಲ್ಲಿಸಿ, ಶಿಳ್ಳೆ ಹೊಡೆದಾಗೆಲ್ಲ ಏಳಿಸಿ ಕೂರಿಸಿದರು. ಇಪ್ಪತ್ತು ಸಲ. ಹದಿನಾಲ್ಕನೆಯ ಸಲಕ್ಕೆ ನನ್ನ ಮೊಣಕಾಲಿನ ಸದ್ದು ಶಿಳ್ಳೆಗಿಂತ ಜೋರಾಗಿತ್ತು. ಕೊನೆಗೆ ಉಸಿರು ಸಿಕ್ಕಾಗ, ಎಪ್ಪತ್ತು ದಾಟಿದ ಎಷ್ಟು ಜನರನ್ನು ನೋಡಿದ್ದೀರಿ ಎಂದು ಕೇಳಿದೆ. ಇದುವರೆಗೆ ಬರೀ ಆಟಗಾರರ ಮೊಣಕೈ ನೋಡಿಕೊಂಡಿದ್ದಾರಂತೆ, ನೀನೇ ಮೊದಲನೆಯವಳಂತೆ. ಮೂರೇ ವಾರದಲ್ಲಿ ನಿನ್ನನ್ನು ಮೆಟ್ಟಿಲು ಹತ್ತಿ ಓಡಿಸುತ್ತಾರಂತೆ. ನಮ್ಮ ಮನೆಯಲ್ಲಿ ಮೆಟ್ಟಿಲೇ ಇಲ್ಲ ಎಂದೆ. ಅನುಭವಕ್ಕೆ ಸೊನ್ನೆ ಹಾಕಿ ಕೈ ಮುಗಿದು ಕಳಿಸಿದೆ.

ಬುಧವಾರ ಎರಡನೆಯವರು. ಇಸ್ತ್ರಿ ಮಡಿಕೆ ಮುರಿಯದ ಬಟ್ಟೆ, ಕೈಯಲ್ಲಿ ದಪ್ಪನೆಯ ಕ್ಯಾಟಲಾಗ್. ಬಚ್ಚಲಿಗೆ ನಾಲ್ಕು ಹಿಡಿಕೆ, ಹಜಾರಕ್ಕೆ ಆರು, ನೆಲಕ್ಕೆ ಬಿದ್ದದ್ದನ್ನು ಎತ್ತಲು ಉದ್ದನೆಯ ಇಕ್ಕಳ, ಚಕ್ರದ ಕುರ್ಚಿ, ಹೀಗೆ ಒಂದೊಂದೇ ಪುಟ ತಿರುಗಿಸುತ್ತಾ ಮನೆಯೆಲ್ಲ ಓಡಾಡಿ ಟೇಪು ಹಿಡಿದು ಅಳೆದರು. ಆ ಟೇಪಿನ ತುದಿ ಸವೆದು ಮೂರು ಮಿಲಿಮೀಟರ್ ಮಾಯವಾಗಿತ್ತು ಗುಬ್ಬೀ! ನಾನು ಸುಮ್ಮನಿರಲಿಕ್ಕಾಗುತ್ತದೆಯೆ? ತೋರಿಸಿಕೊಟ್ಟೆ. ಮುಖ ಚಿಕ್ಕದು ಮಾಡಿಕೊಂಡರು. ಆದರೂ ಮೂವತ್ತಾರು ಅಂಕ ಕೊಟ್ಟೆ. ಏಕೆಂದರೆ ಅವರು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು: "ಅಮ್ಮ ಇನ್ಮೇಲೆ ಅಡುಗೆಮನೆಗೆ ಹೋಗೋದೇ ಬೇಡ. ಮಂಚದ ಪಕ್ಕ ಒಂದು ಬೆಲ್ ಹಾಕ್ಬಿಡೋಣ." ಎಷ್ಟು ಸುಲಭದ ದಾರಿ ಎಂದು ನಾನು ಬೀಗುತ್ತಿದ್ದರೆ ಮಗಳು ಕೇಳಿದಳು, "ಅಮ್ಮ ಬೆಲ್ ಒತ್ತಿದ್ರೆ ಟೀ ಮಾಡ್ಕೊಂಡು ಬರೋರು ಯಾರಪ್ಪಾ?" ನಾನು ಸುತ್ತಲೂ ನೋಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಅವಳೇ ಇನ್ನೊಂದು ಮಾತು ಹೇಳಿದಳು: ಬೆಲ್ ಒತ್ತಿ ಕಾಯುವುದೇ ಆದರೆ ಅಮ್ಮ ಚಿಕ್ಕಮ್ಮನ ಮನೆಯಲ್ಲೇ ಇರುತ್ತಾಳೆ, ಇಲ್ಲಿಗೆ ಯಾಕೆ ಬರುತ್ತಾಳೆ? ಪಾಸಾಗಿದ್ದರೂ ಅವರ ಹಾಳೆಯನ್ನು ಪಕ್ಕಕ್ಕಿಟ್ಟೆ.

ಮೂರನೆಯವರು ಗುರುವಾರ ಬಂದರು, ಹನ್ನೊಂದು ನಿಮಿಷ ತಡವಾಗಿ. ಬಾಗಿಲಲ್ಲೇ ಹತ್ತು ಅಂಕ ಹೋಯಿತು. ನಲವತ್ತರ ಆಸುಪಾಸಿನ ಹೆಂಗಸು, ಸೊರಗಿದ ಮೈ, ಬೆನ್ನಿಗೆ ಶಾಲೆಯ ಮಕ್ಕಳ ಹಾಗೆ ಒಂದು ಚೀಲ. ಏನು ಹೇಳಿದರೂ "ಹೂಂ" ಎನ್ನುತ್ತಾರೆ. ಈಗ ಮನೆಯಲ್ಲಿ ಅವರ ಹೆಸರೇ ಹೂಂ ಅಮ್ಮ. ನೋಂದಣಿ ಪತ್ರ ಸರಿಯಿತ್ತು, ಬೆಳಕಿಗೆ ಹಿಡಿದು ನೋಡಿದೆ. ಹದಿನೈದು ವರ್ಷದಿಂದ ಮುದುಕರ ಮನೆಗಳಿಗೇ ಹೋಗುತ್ತಿದ್ದಾರಂತೆ. ಪ್ರಶ್ನೆಪತ್ರಿಕೆ ಕೊಟ್ಟೆ. ತೆಗೆದುಕೊಂಡರು, ಮಗುಚಿದರು, ಹಿಂದಿನ ಖಾಲಿ ಬದಿಯಲ್ಲಿ ನನ್ನನ್ನೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳತೊಡಗಿದರು! ಅಮ್ಮ ಎಷ್ಟು ಗಂಟೆಗೆ ಏಳುತ್ತಾರೆ? ಯಾವ ಕೈಯಲ್ಲಿ ತಲೆ ಬಾಚುತ್ತಾರೆ? ಚಪ್ಪಲಿ ಹಾಕಿಕೊಳ್ಳಲು ಎಲ್ಲಿ ಕೂರುತ್ತಾರೆ? ಕೈ ನೆಟ್ಟಗಾದರೆ ಮೊದಲು ಏನು ಮಾಡಬೇಕೆಂಬ ಆಸೆ ಅವರಿಗಿದೆ? ನಾನು ತಡವರಿಸಿದೆ. ನಾನು ಎದ್ದಾಗ ನೀನು ಯಾವತ್ತೂ ಆಗಲೇ ಎದ್ದಿರುತ್ತೀಯೆ, ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಎತ್ತರ ಎಷ್ಟೆಂದು ಕೇಳಿದರು. ಊರಿನ ಪ್ರತಿ ತಕ್ಕಡಿಯ ನಂಬರು ಬಾಯಿಪಾಠ ಇದ್ದ ನಾನು "ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ" ಎಂದೆ. ಹೌದು, ಸ್ವಲ್ಪ ಎಂದೇ ಅಂದೆ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಬಂದ ಅಂಕ ನಲವತ್ತಕ್ಕೆ ಆರು.

ಆಮೇಲೆ "ಟೀ ಕೊಡ್ತೀರಾ?" ಎಂದರು. ಪಾಪ, ಬಾಯಾರಿರಬೇಕೆಂದು ಮಗಳು ಎದ್ದಳು. "ಅವರಲ್ಲ, ನೀವು ಮಾಡಿ. ಅಮ್ಮನ ಎತ್ತರದಲ್ಲಿ" ಎಂದರು. ಮೊಳೆಗೆ ನೇತುಹಾಕಿದ್ದ ನಿನ್ನ ಏಪ್ರನ್ ತೆಗೆದು ನನಗೆ ಕಟ್ಟಿ, ಮಗಳನ್ನು ಕೇಳಿ ಕೇಳಿ ನನ್ನ ತಲೆ ನಿನ್ನ ಎತ್ತರಕ್ಕೆ ಇಳಿಯುವವರೆಗೆ ಮೊಣಕಾಲು ಬಗ್ಗಿಸಿದರು. ನಿನ್ನ ಪೆಟ್ಟಾದ ಕೈಯ ಲೆಕ್ಕಕ್ಕೆ ನನ್ನ ಬಲಗೈಯನ್ನು ಏಪ್ರನ್ನಿನ ಜೇಬಿಗೆ ತುರುಕಿ, ಅದನ್ನು ಹೊರಗೆ ತೆಗೆಯಕೂಡದು ಎಂದರು. ಶಿಳ್ಳೆಯವರು ಹಣ್ಣು ಮಾಡಿಟ್ಟಿದ್ದ ಮೊಣಕಾಲಿನ ಮೇಲೆ ಕುಕ್ಕರಗಾಲಿನಲ್ಲಿ ನಾನು ಅಡುಗೆಮನೆ ಹೊಕ್ಕ ಚಂದ ನೋಡಲು ನೀನಿರಬೇಕಿತ್ತು. ಮಗಳು ನಕ್ಕು ನಕ್ಕು ಬಾಗಿಲಿಗೆ ಒರಗಿದಳು. ಎಡಗೈಯಲ್ಲೇ ನೀರಿಟ್ಟೆ, ಒಲೆ ಹಚ್ಚಿದೆ, ಜಂಭದಿಂದ ಹಿಂತಿರುಗಿ ನೋಡಿದೆ. ಇನ್ನು ಚಹಾಪುಡಿ.

ಆ ಶೆಲ್ಫು ನಾನೇ ಹೊಡೆದದ್ದು. ಈ ಮನೆಗೆ ಬಂದ ವರ್ಷ ರಸಮಟ್ಟ ಇಟ್ಟು ಕೂದಲೆಳೆಯಷ್ಟೂ ವಾಲದ ಹಾಗೆ ಕೂರಿಸಿದ್ದೆ. ರಿಟೈರ್ ಆದ ಮೇಲೆ ಡಬ್ಬಿಗಳನ್ನೆಲ್ಲ ತೂಕದ ಕ್ರಮದಲ್ಲಿ ಜೋಡಿಸಿ ಚೀಟಿ ಅಂಟಿಸಿದವನೂ ನಾನೇ. ಐದು ಕಿಲೋದವು ಕೆಳಗೆ, ಎರಡು ಕಿಲೋದವು ನಡುವೆ, ಕಾಲು ಕಿಲೋದವು ಮೇಲೆ. ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದೆ. "ಇದು ಅಡುಗೆಮನೆಯೋ ನಿಮ್ಮ ಆಫೀಸೋ?" ಎಂದು ನೀನು ಒಮ್ಮೆ ಅಂದಿದ್ದೆ. ಹೊಗಳಿಕೆ ಎಂದುಕೊಂಡಿದ್ದೆ. ಚಹಾಪುಡಿ ಕಾಲು ಕಿಲೋ, ಹಾಗಾಗಿ ಮೇಲಿನ ಸಾಲು. ಎಡಗೈ ಚಾಚಿದೆ. ಡಬ್ಬಿಗೂ ಬೆರಳಿಗೂ ಎರಡು ಗೇಣು ಅಂತರ. ತುದಿಗಾಲಲ್ಲಿ ನಿಂತೆ, ಒಂದೂವರೆ ಗೇಣು. ಯಾರಿಗೂ ಕಾಣದ ಹಾಗೆ ಮೆಲ್ಲಗೆ ನೆಟ್ಟಗಾಗಲು ಹೋದರೆ "ಮೊಣಕಾಲು!" ಎಂದು ಕೂಗಿದರು, ಆವತ್ತಿನ ಅವರ ಒಂದೇ ಒಂದು ಜೋರು ಮಾತು. ಅಷ್ಟರಲ್ಲಿ ನೀರು ಕುದಿಯತೊಡಗಿತು, ಗಡಿಬಿಡಿಯಾಯಿತು, ನನ್ನ ಕಾಲು ತಾನಾಗಿಯೇ ಮೇಜಿನ ಕೆಳಗಿನ ನೀಲಿ ಸ್ಟೂಲನ್ನು ಎಳೆಯಿತು. ಒಂದು ಪಾದ ಅದರ ಮೇಲಿಟ್ಟಿದ್ದೆ. "ಸಾಕು, ಇಳೀರಿ" ಎಂದರು. ಮಗಳ ನಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಈ ಡಬ್ಬಿ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ ಎಂದು ಕೇಳಿದರು. ಐದಾರು ಸಲ ಎಂದೆ. ಅಲ್ಲಿಟ್ಟವರು ಯಾರು? ನಾನು. ಡಾಕ್ಟರ ಫಾರಂ ತೆಗೆದು ಓದಿ, ಇದನ್ನು ಬರೆದವರು ಯಾರು ಎಂದರು. ಅದೂ ನಾನೇ. "ಹೂಂ." ಅಮ್ಮ ಬಿದ್ದಾಗ ನೀವೆಲ್ಲಿದ್ದಿರಿ ಎಂದರು. ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದೆ ಎಂದೆ. ಅದು ಸುಳ್ಳೇನೂ ಅಲ್ಲ.

ಅವರಿಗೆ ಒಟ್ಟು ಇಪ್ಪತ್ತೇ ಅಂಕ ಬಂತು, ಆದರೂ ಅವರನ್ನೇ ಆರಿಸಿದ್ದೇನೆ. ಆದರೆ ಅವರು ಅದನ್ನೂ ಒಪ್ಪಲಿಲ್ಲ. "ನೀವು ಆರಿಸಿದ್ರೆ ಆಗಲ್ಲ, ನನ್ನ ಜೊತೆ ಕೆಲಸ ಮಾಡ್ಬೇಕಾದೋರು ಅವರು" ಎಂದರು. ಬರುವ ಬುಧವಾರ ನಿನ್ನ ತಂಗಿಯ ಮನೆಗೆ ಬಂದು ನಿನ್ನನ್ನು ಕಾಣುತ್ತಾರೆ. ನಿನ್ನ ತಂಗಿ ಬಾಗಿಲಲ್ಲೇ ನಿಲ್ಲಿಸಿ ಥರ್ಮಾಮೀಟರ್ ಇಡದೆ ಒಳಗೆ ಬಿಡಲಿ. ಆ ಕೈಯಲ್ಲಿ ಮೊದಲು ಏನು ಮಾಡಬೇಕೆಂಬ ಆಸೆಯಿದೆ ಎಂದು ನಿನ್ನನ್ನೂ ಕೇಳುತ್ತಾರೆ, ಯೋಚಿಸಿಟ್ಟುಕೋ. ನನ್ನ ಕಿವಿ ಹಿಂಡುವುದೇ ಎಂದರೂ ಪರವಾಗಿಲ್ಲ. ಅವರು ಹಿಡಿಸದಿದ್ದರೆ ನಾಲ್ಕನೆಯವರನ್ನು ಹುಡುಕುತ್ತೇನೆ, ಈ ಸಲ ಪ್ರಶ್ನೆಪತ್ರಿಕೆ ಇಲ್ಲದೆ. ಬಚ್ಚಲಿಗೆ ಎರಡೇ ಹಿಡಿಕೆ ಸಾಕೆಂದಿದ್ದಾರೆ, ಹಾಕಿಸಿಯಾಯಿತು. ಜಾರುವ ಕಾಲೊರಸುಗಳನ್ನೆಲ್ಲ ಎತ್ತಿಟ್ಟಿದ್ದೇನೆ. ನೀಲಿ ಸ್ಟೂಲು ಮಗಳ ಮನೆಗೆ ಹೋಗಿ ಹೂಕುಂಡ ಹೊತ್ತುಕೊಂಡು ನಿಂತಿದೆ. ನನ್ನ ಚಹಾ ನಾನೇ ಮಾಡಿಕೊಳ್ಳುತ್ತೇನೆ. ಕುಡಿಯಲಾಗುವುದಿಲ್ಲ, ಆದರೂ ಕುಡಿಯುತ್ತೇನೆ.

ಮಾತ್ರೆ ತಪ್ಪಿಸಬೇಡ, ಬೆರಳಿಗೆ ಬಿಡುವು ಕೊಡಬೇಡ. ನಿನ್ನ ತಂಗಿಗೆ ನನ್ನ ನೆನಪು ಹೇಳು. ಈ ಕಾಗದ ಅವಳೇ ಓದಿ ಹೇಳುತ್ತಿದ್ದರೆ, ತಾಯೀ, ಮುಂದಿನ ತುಂಡನ್ನು ನೀನು ಓದಬೇಡ, ಅಕ್ಕನ ಕೈಗೆ ಕೊಡು. ಗುಬ್ಬೀ, ನೀನು ಇಲ್ಲದ ಮನೆಯಲ್ಲಿ ಇಟ್ಟದ್ದು ಇಟ್ಟ ಜಾಗದಲ್ಲೇ ಇರುತ್ತದೆ, ಅದೇ ನನಗೆ ಸೇರುವುದಿಲ್ಲ.

ಇಂತಿ, ನೀನೇ ಹೆಸರಿಟ್ಟ ಉದ್ದನೆಯ
ಏಣಿ

ವಿ.ಸೂ: ಮಗಳು ಕಾಗದ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಪೇಪರ್ ಓದುತ್ತಿದ್ದದ್ದು ನಿಜ. ಆದರೆ ಓದುತ್ತಾ "ಟೀ ಎಲ್ಲಿ?" ಎಂದು ಎರಡು ಸಲ ಕೂಗಿದ್ದೆ. ಎರಡನೇ ಸಲ ಕೂಗುವ ಹೊತ್ತಿಗೆ ನೀನು ನೆಲದ ಮೇಲಿದ್ದೆ. ಇದನ್ನು ನೀನು ಡಾಕ್ಟರಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಮನೆಯಲ್ಲೊಂದು ಏಣಿ ಇದ್ದೂ ನೀನು ಸ್ಟೂಲು ಹತ್ತಬೇಕಾಯಿತು. ನನ್ನನ್ನು ಕ್ಷಮಿಸು ಗುಬ್ಬೀ. ಫಾರಮ್ಮಿನಲ್ಲಿ "ರೋಗಿಯ ಅಜಾಗರೂಕತೆ" ಎಂಬುದನ್ನು ಹೊಡೆದುಹಾಕಿ "ಗಂಡನ ಶೆಲ್ಫು, ಗಂಡನ ಚಹಾ" ಎಂದು ಬರೆದಿದ್ದೇನೆ, ತಿದ್ದಿದ ಕಡೆ ನಿಯಮದ ಪ್ರಕಾರ ಸಹಿ ಮತ್ತು ತಾರೀಕು ಹಾಕಿದ್ದೇನೆ. ನಿನ್ನೆ ಶೆಲ್ಫು ಬಿಚ್ಚಿದೆ, ಡಬ್ಬಿಗಳು ಮೇಜಿನ ಮೇಲಿರುವುದು ಅದಕ್ಕೇ. ಹೊಸದು ಎಷ್ಟು ಎತ್ತರಕ್ಕೆ ಎಂದು ಬಡಗಿ ಕೇಳಿದ, ಗೊತ್ತಿಲ್ಲ ಎಂದೆ. ನಿನ್ನ ಅಳತೆ ಅಲ್ಲೇ ತೆಗೆದುಕೊಂಡು ಬರುತ್ತೇನೆಂದು ಹೂಂ ಅಮ್ಮ ಹೇಳಿದರು, ನಾನು ಬಿಡಲಿಲ್ಲ. ನೀನೇ ಬಂದು ಈ ಗೋಡೆಯ ಮುಂದೆ ನಿಂತು ಕೈ ಎತ್ತಬೇಕು. ಪೆನ್ಸಿಲು ಮೊಳೆಗೆ ಕಟ್ಟಿಟ್ಟಿದ್ದೇನೆ. ನೋಯುವಷ್ಟು ಎತ್ತಬೇಡ, ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಗೆರೆ ಹಾಕುತ್ತೇನೆ.